ಕಾಲ್ಗಡಗದ ಬೆಳ್ಳಿ

ಕೊಹಿನೂರ ಎಂಬ ಹಳ್ಳಿಯಲ್ಲಿ ರತ್ನಮಾಲಾ ಏನು ಓದುತ್ತಾಳೆಂದು ಯಾರನ್ನು ಕೇಳಿದರೂ ಒಂದೇ ಉತ್ತರ ಸಿಗುತ್ತಿತ್ತು. "ಅಕಿ ಗಾಳ್ಯಾಗ ಕಲ್ಲ ನಿಲ್ಲಸ್ತಾಳ್ರಿ." ಹೇಳುವವರ ದನಿಯಲ್ಲಿ ಅರ್ಧ ಹೆಮ್ಮೆ, ಅರ್ಧ ಗೇಲಿ. ಜೊತೆಯವರ ಮಕ್ಕಳು ಕಾಲೇಜಿಗೆ ಹೊರಟು ನಿಂತಿದ್ದಾರೆ, ಇವಳು ಇನ್ನೂ ತಾನೇ ಓದುತ್ತ ಕೂತಿದ್ದಾಳೆ ಎಂದರೆ ಊರು ಸುಮ್ಮನಿದ್ದೀತೇ? ರತ್ನಮಾಲಾ ಆ ಮಾತಿಗೆ ನಕ್ಕು ಮುಂದೆ ಹೋಗುತ್ತಿದ್ದಳು. ಮೊದಮೊದಲು ಆ ನಗು ನಿಜವಾದದ್ದೇ ಆಗಿತ್ತು.

ಊರವರು ಕಲ್ಲು ಅನ್ನುತ್ತಿದ್ದುದು ನಿಜವಾಗಿ ಒಂದು ಕಪ್ಪು ಬಿಲ್ಲೆ, ಬಿಸ್ಕತ್ತಿನಷ್ಟು ದಪ್ಪ. ಇಟ್ರಿಯಮ್, ಬೇರಿಯಮ್, ತಾಮ್ರ, ಈ ಮೂರೂ ಇರುವ ಪುಡಿಗಳನ್ನು ಕೂಡಿಸಿ ಅರೆದು, ಭಟ್ಟಿಯಲ್ಲಿ ಸುಟ್ಟು, ಮತ್ತೆ ಅರೆದು, ಅಚ್ಚಿನಲ್ಲಿ ಒತ್ತಿ, ಮತ್ತೆ ಸುಟ್ಟು, ಆಮ್ಲಜನಕ ಹಾಯಿಸುತ್ತ ನಿಧಾನವಾಗಿ ಆರಿಸಿದರೆ ಆ ಬಿಲ್ಲೆ ಹುಟ್ಟುತ್ತದೆ. ನೋಡಲು ಒಲೆಯ ಇದ್ದಿಲಿಗಿಂತ ಚಂದವೇನಿಲ್ಲ. ಆದರೆ ದ್ರವ ಸಾರಜನಕದಲ್ಲಿ ಮುಳುಗಿಸಿ ತಣ್ಣಗೆ ಮಾಡಿದರೆ ಅದರ ಗುಣವೇ ಬದಲಾಗುತ್ತದೆ. ಅದರೊಳಗೆ ಕರೆಂಟು ಎಲ್ಲಿಯೂ ತಡೆಯಿಲ್ಲದೆ ಹರಿಯುತ್ತದೆ, ಮೇಲೆ ಇಟ್ಟ ಸಣ್ಣ ಅಯಸ್ಕಾಂತವನ್ನು ಎತ್ತಿ ಗಾಳಿಯಲ್ಲಿ ನಿಲ್ಲಿಸುತ್ತದೆ. ಪುಸ್ತಕದಲ್ಲಿ ಇದಕ್ಕೆ ಅತಿವಾಹಕ ಪಿಂಗಾಣಿ ಎಂದು ಹೆಸರು. ಕಲಬುರಗಿಯಲ್ಲಿ ಎಂ.ಎಸ್ಸಿ ಓದುವಾಗ ಇದನ್ನು ಮೊದಲ ಸಲ ಕಂಡ ರತ್ನಮಾಲಾ ಊಟ ಮರೆತು ನಿಂತಿದ್ದಳು. ಯಾರ ಕೈಯೂ ತಾಕದೆ ಒಂದು ವಸ್ತು ಮೇಲೆದ್ದು ನಿಲ್ಲುವುದನ್ನು ನೋಡಿ, ಊರು ಮುಟ್ಟಿಸಿಕೊಳ್ಳದ ಓಣಿಯಿಂದ ಬಂದ ಹುಡುಗಿಗೆ ಏನೆನಿಸಿರಬೇಕು, ನೀವೇ ಊಹಿಸಿ.

ಆದರೆ ಈ ಬಿಲ್ಲೆಗೆ ಒಂದು ಕೆಟ್ಟ ಗುಣವಿದೆ. ಶೇಂಗಾ ಚಿಕ್ಕಿಯ ಹಾಗೆ ಪಟ್ಟನೆ ಮುರಿಯುತ್ತದೆ. ಒಳಗೆ ಕಣಕ್ಕೂ ಕಣಕ್ಕೂ ನಡುವೆ ಸಂದಿ, ಆ ಸಂದಿಯಲ್ಲಿ ಕರೆಂಟು ಎಡವುತ್ತದೆ. ಆದ್ದರಿಂದಲೇ ಇದನ್ನು ಒಂಟಿಯಾಗಿ ಯಾವ ಕೆಲಸಕ್ಕೂ ಹಚ್ಚಲಾಗದು, ಬೇರೆಯದರ ಜೊತೆ ಬೆಸೆಯಬೇಕು. ಬೆಳ್ಳಿ ಬೆರೆಸಿದರೆ ಅದು ಸಂದಿಗಳಲ್ಲಿ ಹೋಗಿ ಕೂರುತ್ತದೆ, ಕಣಗಳನ್ನು ಹಿಡಿದಿಡುತ್ತದೆ, ಪಿಂಗಾಣಿಯ ಒಳಮನೆಗೆ ಕಾಲಿಟ್ಟು ಅದರ ಗುಣ ಕೆಡಿಸುವುದಿಲ್ಲ. ಎಷ್ಟು ಬೆಳ್ಳಿ ಬೆರೆಸಿದರೆ ಬಿಲ್ಲೆ ಗಟ್ಟಿಯೂ ಆಗಿ, ತೇಲಿಸುವ ಶಕ್ತಿಯೂ ಉಳಿಯುತ್ತದೆ? ರತ್ನಮಾಲಾಳ ಪಿಎಚ್‌.ಡಿ ಎಂದರೆ ಇಷ್ಟೇ ಪ್ರಶ್ನೆ. ಈ ಇಷ್ಟಕ್ಕೆ ಅವಳ ಹರೆಯವೆಲ್ಲ ಹೋಗಿತ್ತು.

ಹೊಟ್ಟೆಪಾಡಿಗೆ ಅವಳು ಹುಮನಾಬಾದಿನ ಒಂದು ಖಾಸಗಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಮಾತನ್ನು ಯಾರು ಹುಡುಕಿದರೋ, ಅವರ ನಾಲಿಗೆಗೆ ನಮಸ್ಕಾರ. ನಮ್ಮಲ್ಲಿ ಅತಿಥಿಗೆ ನೀರು ಕೊಟ್ಟು ಉಣ್ಣಲು ಏಳಿ ಅನ್ನುತ್ತಾರೆ. ಇಲ್ಲಿ ಬೇಸಿಗೆ ಬಂದೊಡನೆ ಹೊರಡಿ ಅನ್ನುತ್ತಾರೆ, ಮಳೆ ಬಿದ್ದ ಮೇಲೆ ಕರೆದರೆ ಕರೆದರು, ಇಲ್ಲದಿದ್ದರೆ ಇಲ್ಲ. ಆ ಕಾಲೇಜಿನ ಹಿಂದಿನ ಕೋಣೆಯಲ್ಲಿ ಯಾವುದೋ ಕಾಲದ ಯೋಜನೆಯಲ್ಲಿ ಬಂದ ಒಂದು ಭಟ್ಟಿ ಇತ್ತು. ಅದನ್ನು ರಿಪೇರಿ ಮಾಡಿಸಿಕೊಂಡು ಅವಳು ಅಲ್ಲಿಯೇ ಬೇರು ಬಿಟ್ಟಿದ್ದಳು. ದ್ರವ ಸಾರಜನಕ ದನದ ದವಾಖಾನೆಯಿಂದ ಬರುತ್ತಿತ್ತು. ಹೋರಿಯ ವೀರ್ಯ ಕೆಡದಂತೆ ಇಡಲು ಅಲ್ಲಿ ಅದರ ಕ್ಯಾನುಗಳಿರುತ್ತವೆ. ಕಂಪೌಂಡರ್ ಲಾಲ್ ಅಹ್ಮದ್ ತಳದಲ್ಲಿ ಉಳಿದದ್ದನ್ನು ಅವಳ ಫ್ಲಾಸ್ಕಿಗೆ ಸುರಿಯುತ್ತ, "ಮೇಡಮ್ಮರ, ನಿಮ್ಮ ಕಲ್ಲ ಎದ್ದ ನಿಂತ ದಿನ ನಮ್ಮ ಎಮ್ಮಿಗೋಳಿಗೂ ಒಂದ ಸಲಾಂ ಹೇಳ್ರಿ" ಎಂದು ನಗಿಸುತ್ತಿದ್ದ.

ಆ ವರ್ಷ ಮಾತ್ರ ನಗುವ ಸ್ಥಿತಿ ಇರಲಿಲ್ಲ. ಅವಳು ಬರೆದು ಕೊಟ್ಟ ಪ್ರಬಂಧ ಪರೀಕ್ಷಕರಿಂದ ಹಿಂದಕ್ಕೆ ಬಂದಿತ್ತು. ಹೆಚ್ಚು ಬೆಳ್ಳಿ ಇರುವ ಬಿಲ್ಲೆಗಳನ್ನು ಹೊಸದಾಗಿ ಮಾಡಿ, ಮಾರ್ಗದರ್ಶಕರ ಎದುರಿನಲ್ಲಿ ತೋರಿಸಿ, ಅದೇ ಫಲ ಬಂದರೆ ಒಪ್ಪುತ್ತೇವೆ ಎಂದಿದ್ದರು. ಕೇಳಿದ್ದು ನ್ಯಾಯವೇ. ಆದರೆ ಮಾರ್ಗದರ್ಶಕ ಭೀಮಶಾ ಸರ್ ಮೇ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು, ಅವರೊಂದಿಗೆ ಅವಳ ನೋಂದಣಿಯೂ ಮುಗಿಯುತ್ತಿತ್ತು. ಪಿಎಚ್‌.ಡಿ ಇಲ್ಲದ ಅತಿಥಿಗಳನ್ನು ಮುಂದಿನ ವರ್ಷ ಕರೆಯುವುದಿಲ್ಲ ಎಂದು ಕಾಲೇಜಿನವರು ಬೇರೆ ಹೇಳಿದ್ದರು. ಬೆಳ್ಳಿ ಪುಡಿಯ ಶೀಸೆ ಖಾಲಿಯಾಗಿತ್ತು. ಹೊಸ ಶೀಸೆಗೆ ಅವಳು ಕೊಟ್ಟ ಅರ್ಜಿ ಮೇಜಿನಿಂದ ಮೇಜಿಗೆ ತೀರ್ಥಯಾತ್ರೆ ಮಾಡುತ್ತಿತ್ತು. ಬೇಸಿಗೆ ರಜೆಯಲ್ಲಿ ಅತಿಥಿಗಳಿಗೆ ಸಂಬಳವಿಲ್ಲ, ಬೆಳ್ಳಿಯೋ ಬಂಗಾರದ ಜೊತೆ ಪಂಥ ಕಟ್ಟಿ ಏರುತ್ತಿತ್ತು.

ಯಾವ ದಾರಿಯೂ ಕಾಣದೆ ಅವಳು ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಿ ಕೊಹಿನೂರಕ್ಕೆ ಹೋದಳು. ಅಲ್ಲಿ ಅವಳ ಆಯಿ, ಅಂದರೆ ತಂದೆಯ ತಾಯಿ, ಮುಕ್ತಾಬಾಯಿ ಇದ್ದಳು. ತಾಯಿತಂದೆ ಬೇಗ ಹೋದ ಮೇಲೆ ಕಂಡವರ ಹೊಲದಲ್ಲಿ ಕಳೆ ಕಿತ್ತು ಇವಳನ್ನು ಓದಿಸಿದವಳು ಅವಳೇ. ಎಂಬತ್ತು ದಾಟಿದರೂ ಸೊಂಟ ಬಾಗಿತ್ತೇ ಹೊರತು ನಾಲಿಗೆ ಬಾಗಿರಲಿಲ್ಲ. ಮೊಮ್ಮಗಳ ಮಾತು ಕೇಳಿ ಮುದುಕಿ ಎದ್ದು ಹೋದಳು, ತಗಡಿನ ಟ್ರಂಕಿನ ತಳದಿಂದ ಒಂದು ಹಳೆಯ ಧೋತರದ ಗಂಟು ತಂದು ಮುಂದಿಟ್ಟಳು. ಬಿಚ್ಚಿದರೆ ಎರಡು ದಪ್ಪ ಕಾಲ್ಗಡಗ.

"ಮನ್ಯಾಗ ಇಟ್ಟಕೊಂಡು ಊರೆಲ್ಲಾ ಯಾಕ ಅಡ್ಡಾಡ್ತಿ? ನಮ್ಮ ಅತ್ತೀವು ಇವು. ಒಯ್ಯಿ."

ರತ್ನಮಾಲಾ ಆ ಕಡಗಗಳ ಹೆಸರು ಕೇಳಿದ್ದಳು, ಕಣ್ಣಿಂದ ಕಂಡಿರಲಿಲ್ಲ. ಮುತ್ತಜ್ಜಿಯ ಕಾಲದಲ್ಲಿ ಇವರ ಓಣಿಯ ಹೆಂಗಸರೆಲ್ಲ ಇಂಥವನ್ನು ತೊಟ್ಟಿದ್ದರಂತೆ. ಇಂಥ ಒಡವೆ ತೊಟ್ಟವಳು ಇಂಥ ಜಾತಿಯವಳೆಂದು ಊರು ದೂರದಿಂದಲೇ ಗುರುತಿಸುತ್ತಿತ್ತು. ಹಾಗೆ ಗುರುತು ಹಿಡಿಸುವ ಒಡವೆ ತೆಗೆದು ಹಾಕಿರಿ ಎಂಬ ಬಾಬಾಸಾಹೇಬರ ಮಾತು ಯಾವಾಗಲೋ ಒಮ್ಮೆ ಈ ಓಣಿಗೂ ಮುಟ್ಟಿತು. ಮುತ್ತಜ್ಜಿ ಅಂದೇ ಕಡಗ ಬಿಚ್ಚಿದಳು. ಬಿಚ್ಚಿದಳು, ಮಾರಲಿಲ್ಲ. ಸೊಸೆ ಮುಕ್ತಾಬಾಯಿಯೂ ತೊಡಲಿಲ್ಲ, ಮಾರಲಿಲ್ಲ.

"ಆಯಿ, ಇವನ್ನ ಪುಡಿ ಮಾಡಬೇಕಾಗ್ತದ. ತಿರಗಿ ಬರೂದಿಲ್ಲ."

"ಗೊತ್ತದ. ಕಾಲಾಗ ಇದ್ದಾಗ ಇವು ನಮ್ಮನ್ನ ತಗ್ಗಿಸಿದ್ವು. ಈಗ ನಿನ್ನ ಸಂಗಾಟ ಮ್ಯಾಲ ಏಳ್ಲಿ."

ಅಷ್ಟು ಹೇಳಿ ಮುದುಕಿ ಚಹಾಕ್ಕೆ ನೀರಿಟ್ಟಳು. ರತ್ನಮಾಲಾ ಗಂಟನ್ನು ಎದೆಗೆ ಅವಚಿಕೊಂಡು ಬಸ್ಸು ಹತ್ತಿದಳು. ಅಂದು ಸಂಜೆ ಅವಳಷ್ಟು ಸುಖಿ ಆ ಹೆದ್ದಾರಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಔಷಧಿ ಕಾರ್ಖಾನೆಯಲ್ಲಿ ಅವಳ ಗೆಳತಿ ಇಶ್ರತ್ ಪರೀಕ್ಷಾ ವಿಭಾಗದಲ್ಲಿದ್ದಳು. ಎಂ.ಎಸ್ಸಿ ಕಾಲದ ಗೆಳೆತನ. ಒಬ್ಬಳು ಭೌತಶಾಸ್ತ್ರ, ಇನ್ನೊಬ್ಬಳು ರಸಾಯನಶಾಸ್ತ್ರ, ಊಟದ ಡಬ್ಬಿ ಮಾತ್ರ ಒಂದೇ. ಕಡಗ ನೋಡಿ ಇಶ್ರತ್ ಕೈಯಲ್ಲಿ ತೂಗಿ, ತಿರುವಿ, ತನ್ನ ಕೆಲಸಕ್ಕೆ ತಕ್ಕ ಮಾತನ್ನೇ ಹೇಳಿದಳು.

"ರತ್ನಾ, ಹಳೀ ಒಡವಿ ಇದು. ಏನೇನ ಕೂಡ್ಸ್ಯಾರೋ ಏನೋ. ಒಂದ ಚೂರ ಕೊಡ, ನಮ್ಮ ಮಶೀನಿಗಿ ಹಚ್ಚಿ ನೋಡ್ತೀನಿ. ಇಲ್ಲಾಂದ್ರ ಪೂರಾ ಆಸಿಡ್‌ನಾಗ ಕರಗಿಸಿ ಸಾಫ್ ಮಾಡಿ ಬೆಳ್ಳಿ ಅಷ್ಟ ತಗದ ಕೊಡ್ತೀನಿ. ಒಂದ ಎರಡ ದಿನ ಹಿಡೀತದ ಅಷ್ಟ."

ಇದಕ್ಕೆ ಒಪ್ಪಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸಾಫ್ ಮಾಡುವುದು ಅಂದೊಡನೆ ರತ್ನಮಾಲಾಳ ಮೈ ಉರಿಯಿತು. ಚಿಕ್ಕವಳಿದ್ದಾಗ ಅವಳು ಆಯಿಯ ಸೆರಗು ಹಿಡಿದು ಊರ ಕಿರಾಣಿ ಅಂಗಡಿಗೆ ಹೋಗುತ್ತಿದ್ದಳು. ಆಯಿ ಕಟ್ಟೆಯ ಮೇಲೆ ಇಟ್ಟ ನಾಣ್ಯಕ್ಕೆ ಅಂಗಡಿಯವನು ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದ, ಆಮೇಲೆ ಎತ್ತಿಕೊಳ್ಳುತ್ತಿದ್ದ. ದಿನವೂ ಹಾಗೆಯೇ. ಆಯಿ ಮುಖ ಬೇರೆ ಕಡೆ ತಿರುಗಿಸಿ ನಿಲ್ಲುತ್ತಿದ್ದಳು. ಇವಳು ಮಾತ್ರ ನೆಟ್ಟ ಕಣ್ಣಿಂದ ಆ ನೀರನ್ನೇ ನೋಡುತ್ತಿದ್ದಳು.

"ಬ್ಯಾಡ ಇಶ್ರತ್. ನಮ್ಮ ಮಂದಿ ಮುಟ್ಟಿದ್ದೆಲ್ಲಾ ತೊಳದ ತೊಳದ ತಗೊಂಡಾರ ಜನ. ನಮ್ಮ ಆಯಿಯ ಬೆಳ್ಳೀನ ನಾನೂ ತೊಳೀಲೇನು?"

"ನಾ ಹಂಗ ಅಂದಿಲ್ಲ..."

"ನೀ ಅಂದಿಲ್ಲ, ಗೊತ್ತದ. ಹೆಚ್ಚಂದ್ರ ತಾಮ್ರ ಕೂಡಿಸಿರ್ತಾರ. ತಾಮ್ರ ನನ್ನ ಬಿಲ್ಲ್ಯಾಗ ಮೊದಲ ಅದ. ಏನೂ ಆಗೂದಿಲ್ಲ."

ಇಶ್ರತ್ ಕಡಗವನ್ನು ತಿರುಗಿ ಅವಳ ಕೈಗೆ ಕೊಟ್ಟಳು. ಗೆಳತಿಯ ನೋವಿಗೆ ಕೈ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ವಿಜ್ಞಾನ ಓದಿದವಳು ಪರೀಕ್ಷೆ ಬೇಡ ಅನ್ನಬಹುದೇ ಎಂದು ನೀವು ಕೇಳಬಹುದು. ಅನ್ನಬಾರದು. ತರಗತಿಯಲ್ಲಿ ಯಾವ ಹುಡುಗಿಯಾದರೂ ಹಾಗೆ ಅಂದಿದ್ದರೆ ರತ್ನಮಾಲಾಳೇ ಬೈದು ಹೊರಗೆ ಕಳಿಸುತ್ತಿದ್ದಳು. ಆದರೆ ಆ ನೀರು ಚಿಮುಕಿಸುವುದನ್ನು ಕಂಡಿಲ್ಲದವರು ಅವಳಿಗೆ ಬುದ್ಧಿ ಹೇಳಲು ಹೋಗದಿದ್ದರೆ ಒಳ್ಳೆಯದು.

ಅವಳು ಕಾಲೇಜಿನಲ್ಲಿ ಕೂತು ಅರದಿಂದ ಕಡಗ ಉಜ್ಜಿದಳು. ಅಂಗೈ ಬೊಬ್ಬೆ ಎದ್ದಿತು. ಉದುರಿದ ಪುಡಿಯನ್ನು ಜರಡಿ ಹಿಡಿದು, ಕಪ್ಪು ಪುಡಿಯ ಜೊತೆ ಕಲ್ಲಿನ ಬಟ್ಟಲಲ್ಲಿ ಅರೆದಳು. ಬಿಲ್ಲೆ ಒತ್ತಿ ಭಟ್ಟಿಗೆ ಇಟ್ಟಳು. ಕರೆಂಟು ಹೋದೀತೆಂಬ ಹೆದರಿಕೆಗೆ ಹಗಲೆಲ್ಲ ಆ ಕೋಣೆ ಬಿಟ್ಟು ಏಳಲಿಲ್ಲ. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಭಟ್ಟಿ, ಕಾರ್ಖಾನೆಗಳ ಕಡೆಯಿಂದ ಗಾಳಿ ತಿರುಗಿದಾಗ ಮೂಗು ಸುಡುವ ವಾಸನೆ. ಬಿಲ್ಲೆಗಳು ಹೊರಗೆ ಬಂದಾಗ ಅವಳ ಕಣ್ಣು ತುಂಬಿ ಬಂತು. ಒಂದರಲ್ಲಿಯೂ ಬಿರುಕಿಲ್ಲ. ಅಂಚು ಚೂಪಾಗಿ, ಅಚ್ಚಿನಲ್ಲಿ ಒತ್ತಿದ ಹಾಗೆಯೇ ಉಳಿದಿದ್ದವು. ಒಂದು ಬಿಲ್ಲೆ ಕೈ ಜಾರಿ ಫರಸಿಕಲ್ಲಿನ ನೆಲದ ಮೇಲೆ ಬಿದ್ದರೂ ಮುರಿಯಲಿಲ್ಲ. ಇಷ್ಟು ವರ್ಷ ಇಷ್ಟು ಗಟ್ಟಿ ಬಿಲ್ಲೆ ಅವಳ ಕೈಯಲ್ಲಿ ಆಗಿರಲಿಲ್ಲ. ಆಯಿಗೆ ಫೋನು ಮಾಡಿ, "ಭಾಳ ಛೊಲೋ ಬಂದಾವ" ಎಂದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯಬಾರದು ಅನ್ನುವುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಮನಸ್ಸು ತಡೆಯಲಿಲ್ಲ.

ತೋರಿಸುವ ದಿನ ಭೀಮಶಾ ಸರ್ ಕಲಬುರಗಿಯಿಂದ ಬಂದರು. ಥರ್ಮಾಕೋಲಿನ ಡಬ್ಬಿಯಲ್ಲಿ ಬಿಲ್ಲೆ ಇಟ್ಟು ರತ್ನಮಾಲಾ ಸಾರಜನಕ ಸುರಿದಳು. ಬಿಳಿ ಹೊಗೆ ಎದ್ದಿತು, ದ್ರವ ಕೊತಕೊತ ಕುದಿಯಿತು, ಆಮೇಲೆ ಶಾಂತವಾಯಿತು. ಬಿಲ್ಲೆ ಪೂರ್ತಿ ತಣ್ಣಗಾಗಿದೆ ಎಂಬುದಕ್ಕೆ ಅದೇ ಗುರುತು. ಹುಣಸೆ ಬೀಜದಷ್ಟು ಸಣ್ಣ ಅಯಸ್ಕಾಂತವನ್ನು ಚಿಮಟದಲ್ಲಿ ಹಿಡಿದು ಬಿಲ್ಲೆಯ ಮೇಲೆ ಬಿಟ್ಟಳು.

ಅಯಸ್ಕಾಂತ ಬಿಲ್ಲೆಯ ಮೇಲೆ ಟಕ್ಕೆಂದು ಬಿದ್ದು ಅಲ್ಲಿಯೇ ಉಳಿಯಿತು.

"ಇನ್ನಾ ತಣ್ಣಗ ಆಗ್ಲಿ," ಎಂದರು ಸರ್.

"ಆಗ್ಯಾದ್ರಿ ಸರ್," ಎಂದಳು. ಆದರೂ ಇನ್ನಷ್ಟು ಸುರಿದಳು. ಎತ್ತಿ ಮತ್ತೆ ಇಟ್ಟಳು. ಇನ್ನೊಂದು ಬಿಲ್ಲೆ ತೆಗೆದಳು, ಮತ್ತೊಂದು ತೆಗೆದಳು. ಯಾವುದೂ ಅಯಸ್ಕಾಂತವನ್ನು ಕೂದಲೆಳೆಯಷ್ಟೂ ಎತ್ತಲಿಲ್ಲ. ಕೊನೆಗೆ ಕಪಾಟಿನ ಹಳೆಯ ಬಿಲ್ಲೆ ತಂದಳು, ಶೀಸೆಯ ಬೆಳ್ಳಿ ಹಾಕಿ ಹಿಂದೆ ಮಾಡಿದ್ದು. ಅದರ ಮೇಲೆ ಅಯಸ್ಕಾಂತ ತಟ್ಟನೆ ಎದ್ದು ನಿಂತು ಮೆಲ್ಲಗೆ ತಿರುಗತೊಡಗಿತು. ಸಾರಜನಕದ ತಪ್ಪಲ್ಲ, ಅಯಸ್ಕಾಂತದ ತಪ್ಪಲ್ಲ. ಹೊಸ ಬಿಲ್ಲೆಯಲ್ಲಿ ಹೊಸದಾಗಿ ಸೇರಿದ್ದು ಒಂದೇ ಒಂದು.

ಭೀಮಶಾ ಸರ್ ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಕಂಡದ್ದ ಬರೀಬೇಕಾಗ್ತದವ್ವಾ. ಕಾಣಲಾರದ್ದ ಹ್ಯಾಂಗ ಬರೀಲಿ?" ಎಂದರು. ಅವಳು ಬರೆಯಿರಿ ಎಂದು ಕೇಳಲೂ ಇಲ್ಲ. ತಿಂಗಳು ಮುಗಿಯುವುದರೊಳಗೆ ಮತ್ತೆ ಬಿಲ್ಲೆ ಮಾಡಲು ದಿನಗಳೂ ಉಳಿದಿರಲಿಲ್ಲ. ಅವರನ್ನು ಬಸ್ ನಿಲ್ದಾಣದ ತನಕ ಬಿಟ್ಟು ಬಂದಳು.

ಮರುದಿನ ಇಶ್ರತ್ ಉಳಿದ ಕಡಗದ ಚೂರನ್ನು ಮಶೀನಿಗೆ ಹಚ್ಚಿದಳು. ಮಧ್ಯಾಹ್ನದ ಬಿಡುವಿನಲ್ಲಿ ಕಾರ್ಖಾನೆಯ ಗೇಟಿನ ಹೊರಗೆ ಬಂದು, ಗೆಳತಿಯ ಕೈ ಹಿಡಿದುಕೊಂಡು ಹೇಳಿದಳು.

"ಇದರಾಗ ಬೆಳ್ಳಿ ಅರ್ಧಾನೂ ಇಲ್ಲ ರತ್ನಾ. ತಾಮ್ರ ಅದ. ಜಸ್ತ ಭಾಳ ಅದ. ಒಂಚೂರು ಸೀಸಾನೂ ಅದ. ಮ್ಯಾಲ ಕಾಣೂ ಹಂಗ ಅಷ್ಟ ಛೊಲೋ ಬೆಳ್ಳಿ ಹಚ್ಚ್ಯಾರ."

ಜಸ್ತ ಎಂದರೆ ಸತು. ರತ್ನಮಾಲಾಳಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಸತು ಬೆಳ್ಳಿಯ ಹಾಗೆ ಸಂದಿಯಲ್ಲಿ ಕೂರುವುದಿಲ್ಲ. ಪಿಂಗಾಣಿಯ ಒಳಕ್ಕೆ ನುಗ್ಗಿ ತಾಮ್ರ ಇರಬೇಕಾದ ಜಾಗ ಹಿಡಿಯುತ್ತದೆ. ಚಿಟಿಕೆಯಷ್ಟು ಸಾಕು, ಬಿಲ್ಲೆ ಸತ್ತಂತೆ. ಇಲ್ಲಿ ಸೇರಿದ್ದು ಚಿಟಿಕೆಯಲ್ಲ. ಅವಳು ಗೇಟಿನ ಪಕ್ಕದ ಬೇವಿನ ನೆರಳಿನಲ್ಲಿ ಕೂತಳು. ಪದವಿ ಹೋದದ್ದಕ್ಕಿಂತ ಬೇರೊಂದು ಸಂಗತಿ ಅವಳನ್ನು ಸುಡುತ್ತಿತ್ತು. ಎಂದೋ ಸತ್ತು ಹೋದ ಯಾವನೋ ಅಕ್ಕಸಾಲಿ, ಈ ಹೆಂಗಸು ಇದನ್ನು ಎಲ್ಲಿ ಒಯ್ದು ಒರೆಗೆ ಹಚ್ಚಿಸಿಯಾಳು, ಇವಳನ್ನು ಯಾರು ಕಟ್ಟೆ ಹತ್ತಿಸಿಕೊಂಡಾರು ಎಂದುಕೊಂಡೇ ಜಸ್ತ ಸುರಿದಿದ್ದ. ಅವನ ಲೆಕ್ಕ ಸರಿಯಾಗಿತ್ತು. ಯಾರೂ ಒರೆಗೆ ಹಚ್ಚಲಿಲ್ಲ. ಇಷ್ಟು ಓದಿದ ಅವಳೂ ಹಚ್ಚಲಿಲ್ಲ. ಅವಳು ಅಳಲಿಲ್ಲ, ಅಳು ಬಂದಿದ್ದರೆ ಒಳ್ಳೆಯದಿತ್ತು.

ಆಯಿಗೆ ನಿಜ ಹೇಳಬೇಕೆಂದು ನಿರ್ಧರಿಸಿಯೇ ಅವಳು ಕೊಹಿನೂರದ ಬಸ್ಸು ಹತ್ತಿದ್ದು. ನಿನ್ನ ಅತ್ತೆಗೆ ಮೋಸವಾಗಿದೆ, ಎಲ್ಲ ಕಡೆ ನಮಗೆ ಆದದ್ದೇ ಇಲ್ಲಿಯೂ ಆಗಿದೆ, ಎಂದು ಹೇಳುವುದು. ಇಬ್ಬರೂ ಕೂತು ಆ ಅಕ್ಕಸಾಲಿಯ ವಂಶಕ್ಕೆ ಶಾಪ ಹಾಕುವುದು. ಕನಿಷ್ಠ ಜೊತೆಯಾದರೂ ಸಿಗುತ್ತದೆ ಎಂದುಕೊಂಡಿದ್ದಳು.

ಮುಕ್ತಾಬಾಯಿ ಅಂಗಳದ ನೆರಳಲ್ಲಿ ಮೊರದ ತುಂಬ ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದಳು.

"ಬಾ, ಬಾ. ಎದ್ದ ನಿಂತ್ವೇನ?"

"ಆಯಿ, ಆ ಕಡಗ..."

"ಹಾಂ, ಆ ಕಡಗದ್ದು ನಾ ನಿನಗ ಪೂರಾ ಹೇಳೇ ಇಲ್ಲ ನೋಡ." ಮುದುಕಿಯ ಮುಖ ಅರಳಿತ್ತು, ಮಾತು ನಿಲ್ಲಿಸುವ ಹಾಗಿರಲಿಲ್ಲ. "ಮೊನ್ನಿಯಿಂದ ಅದ ನೆಪ್ಪಾಗಾಕತ್ತದ. ಅತ್ತಿ ಗೌಡನ ಹೊಲದಾಗ ಒಂದ ವರ್ಷ ದುಡದಾಳ. ಹೊಟ್ಟ್ಯಾಗ ನಿಮ್ಮ ಅಜ್ಜ. ಜೋಳ ಕೊಡ್ತೀನಿ ಅಂದ್ನಂತ ಗೌಡ. ಜೋಳ ಬ್ಯಾಡ್ರಿ ಧಣಿ, ಉಂಡದ್ದು ಉಳಿಯೂದಿಲ್ಲ, ಬೆಳ್ಳಿ ಮಾಡಿಸಿ ಕೊಡ್ರಿ ಅಂದ್ಳಂತ ನಮ್ಮ ಅತ್ತಿ. ಆ ವರ್ಷ ಮಂದಿ ಮನಿ ಮುಸುರಿ ತಿಂದ ಬದಕ್ಯಾಳ. ವರ್ಷದ ದುಡಿಮಿಗಿ ಈ ಕಡಗ."

ರತ್ನಮಾಲಾ ಮೊರದ ಪಕ್ಕ ಕೂತಳು.

"ಸಾಯೂಮುಂದ ನನ್ನ ಕೈಯಾಗ ಇಟ್ಟಳು. ಏನಂದ್ಳು ಗೊತ್ತೇನ? ಮುಕ್ತಾ, ಈ ಊರಾಗ ಮೋಸ ಇಲ್ಲದ ನನಗ ಸಿಕ್ಕಿದ್ದು ಇದೊಂದ. ಜ್ವಾಕಿ. ಹಂಗಂದ್ಳು. ಅದಕ್ಕ ನಾ ಎಂಥಾ ಬರದಾಗೂ ಮಾರಿಲ್ಲ. ನಿಮ್ಮಪ್ಪ ಜಡ್ಡಾದಾಗೂ ತಗದಿಲ್ಲ. ಹೇಳ ಈಗ, ಏನಾತು?"

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲವನ್ನೂ ರತ್ನಮಾಲಾ ಬದಿಗಿಟ್ಟಳು. ಅಂಗಳದಲ್ಲಿ ಕೋಳಿಯೊಂದು ಬಿದ್ದ ಕಾಳಿಗೆ ಹೊಂಚುತ್ತಿತ್ತು. ಅವಳು ಅದನ್ನೇ ನೋಡುತ್ತ ಹೇಳಿದಳು.

"ಬೆಳ್ಳಿ ಛೊಲೋ ಇತ್ತು ಆಯಿ. ನನ್ನ ಕೈ ತಪ್ಪಿತು. ಭಟ್ಟಿ ಹೆಚ್ಚ ಕಾಸಿಬಿಟ್ಟೆ. ಕೆಟ್ಟು ಹೋತು."

ಮುದುಕಿಯ ಕೈ ಜೋಳದಲ್ಲಿಯೇ ನಿಂತಿತು.

"ಪೂರಾ?"

"ಪೂರಾ."

"ತಿರಗಿ ಬರೂದಿಲ್ಲೇನ?"

"ಇಲ್ಲ."

ಮುಕ್ತಾಬಾಯಿ ಮೊಮ್ಮಗಳನ್ನು ನೋಡಿದಳು. ಹಿಂದೆಂದೂ ಅವಳು ಹಾಗೆ ನೋಡಿರಲಿಲ್ಲ. "ಅಕಿ ಹಸದು ಗಳಸಿದ್ದಳು," ಎಂದಳು. "ನಾ ಹಸದು ಕಾದಿದ್ದೆ. ಉಂಡು ಓದಿದಾಕಿ ನೀ, ಸುಟ್ಟ ಬಂದಿ." ಆಮೇಲೆ ಮೊರ ಎತ್ತಿಕೊಂಡು ಒಳಗೆ ಹೋದಳು. ಬಸ್ಸಿನ ಹೊತ್ತಾಗುವ ತನಕ ರತ್ನಮಾಲಾ ಅಂಗಳದಲ್ಲಿಯೇ ಕೂತಿದ್ದಳು. ಒಳಗಿನಿಂದ ಯಾರೂ ಚಹಾಕ್ಕೆ ಕರೆಯಲಿಲ್ಲ.

ಮಳೆ ಬಿತ್ತು, ಕಾಲೇಜು ತೆರೆಯಿತು, ಅವಳಿಗೆ ಕರೆ ಬರಲಿಲ್ಲ. ಈಗ ಅವಳು ಇಶ್ರತಳ ಕಾರ್ಖಾನೆಯಲ್ಲಿಯೇ ಗುಳಿಗೆ ತುಂಬುವ ವಿಭಾಗದಲ್ಲಿದ್ದಾಳೆ, ತಲೆಗೆ ಟೋಪಿ, ಮೂಗಿಗೆ ಬಟ್ಟೆ. ರಜೆ ಸಿಕ್ಕಾಗ ತಪ್ಪದೆ ಕೊಹಿನೂರಕ್ಕೆ ಹೋಗುತ್ತಾಳೆ. ಆಯಿ ಮಾತು ಬಿಟ್ಟಿಲ್ಲ, ಆದರೆ ಅಂಗಳಕ್ಕೆ ಯಾರು ಬಂದರೂ ಅದೇ ಮಾತು ತೆಗೆಯುತ್ತಾಳೆ, ನಮ್ಮ ಅತ್ತಿಯ ಬೆಳ್ಳಿ ಈ ಹುಡುಗಿ ಕೈಯಾಗ ಬೂದಿ ಆತು ಎಂದು. ಬಂದವರು ಲೊಚಗುಟ್ಟುತ್ತಾರೆ. "ಅಂಥಾ ಖರೇ ಬೆಳ್ಳಿ ಈಗ ಎಲ್ಲಿ ಸಿಗ್ತದ ಬಿಡ್ರಿ," ಅನ್ನುತ್ತಾರೆ. ಆಗ ಮುಕ್ತಾಬಾಯಿ ಮೊಮ್ಮಗಳ ಕಡೆ ತಿರುಗುತ್ತಾಳೆ.

"ಸಿಗೂದಿಲ್ರಿ," ಅನ್ನುತ್ತಾಳೆ ರತ್ನಮಾಲಾ.